ಬಾಡಿಗೆ ಬಾಕಿಯಾದರೆ ಬೀದಿಗೆ ಬರಬೇಕೇ?

(ಸ್ವಸಹಾಯ ಸಂಘಗಳ ಸದಸ್ಯೆಯರ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿ)



ನಮ್ಮ ಒಂದು ಸಂಘದ ಸದಸ್ಯೆ ಬೀಡಿ ಕೊಟ್ಟು ಮನೆಗೆ ಬಂದಾಗ ಬಾಗಿಲಿಗೆ ಬೇರೆ ಬೀಗ ಬಿದ್ದಿತ್ತು. ಮೂರು ತಿಂಗಳ ಬಾಡಿಗೆ ಬಾಕಿ. ಗಂಡನ ಆಪರೇಷನ್ನಿಗೆ ಕೈಯಲ್ಲಿದ್ದದ್ದೆಲ್ಲ ಖರ್ಚಾಗಿತ್ತು. ಮಕ್ಕಳ ಪುಸ್ತಕ, ಪಾತ್ರೆಪಗಡಿ ಎಲ್ಲ ಒಳಗೆ. "ಸಿಸ್ಟರ್, ತಪ್ಪು ನನ್ನದೇ ಅಲ್ವಾ, ಏನಂತ ಕೇಳಲಿ?" ಎಂದು ಅತ್ತರು.

ಬಾಡಿಗೆ ಕೊಡದಿರುವುದು ತಪ್ಪೇ. ಆದರೆ ಅದಕ್ಕಾಗಿ ಬೀಗ ಹಾಕುವ, ಸಾಮಾನು ಹೊರಗೆ ಎಸೆಯುವ, ನೀರು-ಕರೆಂಟು ಕಡಿಯುವ ಅಧಿಕಾರ ಮಾಲೀಕರಿಗಿಲ್ಲ. ಬಾಡಿಗೆದಾರರು ತಾವಾಗಿ ಬಿಡದಿದ್ದರೆ, ನ್ಯಾಯಾಲಯದ ಆದೇಶದಿಂದಲೇ ಮನೆ ಬಿಡಿಸಬೇಕು.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವ ಕಡಿಮೆ ಬಾಡಿಗೆಯ ಮನೆಗಳಲ್ಲಿ, ಮಾಲೀಕರು ಮೊದಲು ಬಾಕಿ ಕೇಳಿ ನೋಟೀಸು ಕೊಡಬೇಕು. ನೋಟೀಸು ತಲುಪಿ ಎರಡು ತಿಂಗಳೊಳಗೆ ಪೂರ್ತಿ ಬಾಕಿ ಕಟ್ಟದಿದ್ದರೆ ಮಾತ್ರ ಈ ಕಾರಣಕ್ಕೆ ಮನೆ ಬಿಡಿಸಲು ಕೇಳಬಹುದು. ಈ ಕಾಯ್ದೆ ಎಲ್ಲ ಊರಿಗೆ, ಎಲ್ಲ ಮನೆಗೆ ಅನ್ವಯಿಸುವುದಿಲ್ಲ. ಉಳಿದ ಕಡೆ, ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 15 ದಿನಗಳ ನೋಟೀಸು ಬೇಕು. ಆಮೇಲೂ ಕೋರ್ಟಿಗೇ ಹೋಗಬೇಕು.

ಕೆಲವರು ಹೆದರಿ ನೋಟೀಸು ತೆಗೆದುಕೊಳ್ಳದೆ ವಾಪಸು ಕಳಿಸುತ್ತಾರೆ. ಹಾಗೆ ಮಾಡಬೇಡಿ. ಬೇಡವೆಂದರೂ ತಲುಪಿದ ಹಾಗೇ ಲೆಕ್ಕ. ತೆಗೆದುಕೊಳ್ಳಿ, ತಾರೀಕು ಬರೆದಿಡಿ, ಓದಿಸಿ ಕೇಳಿ. "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಿ" ಎಂದು ಸುಮ್ಮನಿರಬೇಡಿ. ಅದಕ್ಕೆ ಮಾಲೀಕರು ಒಪ್ಪಿ ಬರೆದುಕೊಟ್ಟಿರಬೇಕು. ಪ್ರತಿ ತಿಂಗಳು ರಶೀದಿ ಕೇಳಿ. ಕೊಡದಿದ್ದರೆ ಬ್ಯಾಂಕಿನ ಮೂಲಕ ಕಟ್ಟಿ.

ಆ ಸಹೋದರಿಯ ಜೊತೆ ಸಂಘದ ಮೂವರು ಮಾಲೀಕರ ಮನೆಗೆ ಹೋದರು. ಆಕೆಯೂ ವಿಧವೆ. ಆ ಬಾಡಿಗೆಯಿಂದಲೇ ಆಕೆಯ ಔಷಧಿ. ಎರಡೂ ಕಡೆಯ ಕಷ್ಟ ಮಾತಾಡಿದ ಮೇಲೆ ಬೀಗ ತೆಗೆದರು. ಸಂಘದ ಆಂತರಿಕ ಸಾಲದಿಂದ ಒಂದು ತಿಂಗಳ ಬಾಡಿಗೆ ಕೂಡಲೇ ಕಟ್ಟಿ, ಉಳಿದದ್ದಕ್ಕೆ ಕಂತು ಬರೆದು ಇಬ್ಬರೂ ಸಹಿ ಹಾಕಿದರು.

ಮಾತಿನಲ್ಲಿ ಮುಗಿಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲೂಕು ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಮೂರು ತಿಂಗಳು ಆ ಸಹೋದರಿ ವಾರದ ಸಭೆಗೆ ಬಂದು ನಗುನಗುತ್ತಾ ಉಳಿತಾಯ ಕಟ್ಟಿ ಹೋಗಿದ್ದರು. ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಡಿಗೆ ಒಂದು ತಿಂಗಳು ತಪ್ಪಿದಾಗಲೇ ಸಂಘದಲ್ಲಿ ಹೇಳಿ. ನಾಚಿಕೆ ಬೇಡ. ಪಕ್ಕದಲ್ಲಿ ಕೂತವರ ಮುಖ ಸಪ್ಪಗಿದ್ದರೆ ನೀವೇ ಕೇಳಿ.