ಹೆರಿಗೆಗೆ ಮೊದಲೇ ಕಾರ್ಡು ಓದೋಣ

(ಕಲಿಕಾ ಕೇಂದ್ರದ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ನಾವು ಈಗ ಬಸ್ಸಿನ ಬೋರ್ಡು ಓದುತ್ತೇವೆ. ಸಂಘದ ಪುಸ್ತಕ ಓದುತ್ತೇವೆ. ಹೆಬ್ಬೆಟ್ಟು ಬಿಟ್ಟು ರುಜು ಹಾಕುತ್ತೇವೆ. ಇವತ್ತು ಇನ್ನೊಂದನ್ನು ಓದೋಣ. ನಮ್ಮ ಮನೆಯ ಟ್ರಂಕಿನಲ್ಲಿ ಇಟ್ಟಿರುವ ಕಾರ್ಡುಗಳನ್ನು ಓದೋಣ.

ಯಾಕೆ ಅಂತೀರಾ? ಹೆರಿಗೆ ಖರ್ಚಿನ ಮಾತು ಆಡಬೇಕು, ಅದಕ್ಕೆ. ಬಸುರಾದ ಮೇಲೆ ನಮಗೆ ಒಂಬತ್ತು ತಿಂಗಳು ಸಮಯ ಇರುತ್ತೆ. ಸೀಮಂತಕ್ಕೆ ಸೀರೆ ನೋಡ್ತೀವಿ. ಬಾಣಂತನಕ್ಕೆ ಬೆಲ್ಲ, ತುಪ್ಪ, ಕೊಬ್ಬರಿ ಕೂಡಿಡ್ತೀವಿ. ಕಾರ್ಡು ಮಾತ್ರ ನೋಡೋದಿಲ್ಲ. ನೋವು ಬಂದ ರಾತ್ರಿ ಹುಡುಕ್ತೀವಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಒಂದು ಮನೆಯ ಮಾತು

ನಮ್ಮ ಕಡೆಯ ಒಂದು ಮನೆಯ ಮಾತು ಹೇಳುತ್ತೇವೆ. ಹೆಸರು ಬೇಡ.

ಹುಡುಗಿಗೆ ಮದುವೆಯಾಗಿ ಒಂದೂವರೆ ವರ್ಷ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಂದು ರಾತ್ರಿ ನೋವು ಬಂತು. ಮನೆಯವರು ಗಾಬರಿಯಾದರು. ಯಾರದೋ ಕಾರಿನಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಪರೇಷನ್ ಆಗಬೇಕು, ಹಣ ಕಟ್ಟಿ ಅಂದರು.

ತಾಯಿ ಚೀಲದಿಂದ ಒಂದು ಕಾರ್ಡು ತೆಗೆದಳು. "ನಮಗೆ ವಿಮೆ ಐತೆ ಸ್ವಾಮಿ" ಅಂದಳು. ಅದು ಹಳೆಯ ಸ್ಮಾರ್ಟ್ ಕಾರ್ಡು. ಆ ಯೋಜನೆ 2018ರಲ್ಲೇ ಮುಗಿದಿತ್ತು. ಹೊಸ ಯೋಜನೆಗೆ ರೇಷನ್ ಕಾರ್ಡು ಕೇಳಿದರು. ತವರಿನ ರೇಷನ್ ಕಾರ್ಡಿನಿಂದ ಮಗಳ ಹೆಸರು ಮದುವೆಯಾದ ಮೇಲೆ ತೆಗೆಸಿದ್ದರು. ಗಂಡನ ಮನೆಯ ಕಾರ್ಡಿಗೆ ಇನ್ನೂ ಸೇರಿಸಿರಲಿಲ್ಲ. ಎರಡು ಮನೆಯ ಮಗಳು. ಎರಡು ಕಾರ್ಡಿನಲ್ಲೂ ಹೆಸರಿಲ್ಲ!

ತಾಯಿ ಕಿವಿಯ ಓಲೆ ಗಿರವಿ ಇಟ್ಟಳು. ಅದು ಸಾಲಲಿಲ್ಲ. 30 ಸಾವಿರ ರೂಪಾಯಿ ಕೈಸಾಲ ತಂದರು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ.

ನಾವು ಲೆಕ್ಕ ಕಲಿತಿದ್ದೇವೆ ಅಲ್ಲವೇ? ಮಾಡಿ ನೋಡೋಣ. ತಿಂಗಳಿಗೆ ಬಡ್ಡಿ 900 ರೂಪಾಯಿ. ವರ್ಷಕ್ಕೆ 10,800 ರೂಪಾಯಿ. ಮಗುವಿಗೆ ವರ್ಷ ತುಂಬಿತು. ಅಸಲು ಹಾಗೇ ನಿಂತಿದೆ. ತಾಯಿ ಮಗು ಚೆನ್ನಾಗಿದ್ದಾರೆ, ಅದೇ ದೊಡ್ಡದು. ಆದರೆ ಈ ಸಾಲ ಆ ಮನೆಗೆ ಬರಬೇಕಾಗಿರಲಿಲ್ಲ.

ಯಾವುದಕ್ಕೆ ದುಡ್ಡಿಲ್ಲ?

ಈಗ ನಮ್ಮ ರಾಜ್ಯದಲ್ಲಿ ಹೆಚ್ಚು ಕಡಿಮೆ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ ಆಗುತ್ತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನೂರಕ್ಕೆ 97. ನೂರರಲ್ಲಿ 30ಕ್ಕೂ ಹೆಚ್ಚು ಹೆರಿಗೆ ಆಪರೇಷನ್ನಿನಿಂದ ಆಗಿವೆ. ಹಾಗಾಗಿ ಆಪರೇಷನ್ ನಮ್ಮ ಮನೆಗೆ ಬರೋದಿಲ್ಲ ಅಂತ ಕೂರುವ ಹಾಗಿಲ್ಲ.

2011ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಂದು ಕಾರ್ಯಕ್ರಮ ತಂದಿತು. ಅದರ ಹೆಸರು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. ಇದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ:

ಹೆರಿಗೆ ಉಚಿತ. ಆಪರೇಷನ್ ಆದರೂ ಉಚಿತ.
ಔಷಧಿ, ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಉಚಿತ.
ರಕ್ತ ಕೊಡಬೇಕಾದರೆ ಅದೂ ಉಚಿತ.
ಊಟ ಉಚಿತ. ಸಾಮಾನ್ಯ ಹೆರಿಗೆಗೆ 3 ದಿನ. ಆಪರೇಷನ್ ಆದರೆ 7 ದಿನ.
ಮನೆಯಿಂದ ಆಸ್ಪತ್ರೆಗೆ ವಾಹನ ಉಚಿತ. ಬೇರೆ ಆಸ್ಪತ್ರೆಗೆ ಕಳಿಸಿದರೆ ಅದಕ್ಕೂ ಉಚಿತ. ವಾಪಸ್ ಮನೆಗೆ ಬರೋದಕ್ಕೂ ಉಚಿತ.
ಹುಟ್ಟಿದ ಮಗುವಿಗೆ ಕಾಯಿಲೆ ಆದರೆ ಅದರ ಚಿಕಿತ್ಸೆಯೂ ಉಚಿತ.

ಇದಕ್ಕೆ ಬಡವರು, ಸಾಹುಕಾರರು ಎಂಬ ಭೇದ ಇಲ್ಲ. ತವರಿನ ಊರು, ಗಂಡನ ಊರು ಎಂಬ ಭೇದವೂ ಇಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ದುಡ್ಡು ಕೇಳುವ ಹಾಗಿಲ್ಲ. ಆ ಹುಡುಗಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದರೆ ಯಾವ ಕಾರ್ಡೂ ಇಲ್ಲದೆ ನಡೆಯುತ್ತಿತ್ತು.

ಆದರೆ ಒಂದು ಮಾತು. ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಪರೇಷನ್ ಮಾಡೋದಿಲ್ಲ. ನಮಗೆ ಹತ್ತಿರ ಎಲ್ಲಿ ಮಾಡ್ತಾರೆ? ರಾತ್ರಿ ಹೊತ್ತು ಡಾಕ್ಟರ್ ಇರ್ತಾರಾ? ಏಳನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳೋಣ. ನೋವು ಬಂದರೆ 108ಕ್ಕೆ ಫೋನ್ ಮಾಡೋಣ.

"ಖುಷಿಗೆ ಕೊಡಿ" ಅಂತ ಕೈ ಒಡ್ಡುವವರೂ ಇರ್ತಾರೆ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ರೇಟು ಹೇಳ್ತಾರೆ. ಅದಕ್ಕೆ ರಸೀದಿ ಇರೋದಿಲ್ಲ. ರಸೀದಿ ಇಲ್ಲದ ಹಣ ಕೊಡಬೇಕಾಗಿಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡೋಣ. ನಮಗೆ ಈಗ ಬರೆಯಲು ಬರುತ್ತೆ. 104ಕ್ಕೆ ಫೋನ್ ಮಾಡಿಯೂ ಹೇಳಬಹುದು.

ಕಾರ್ಡು ಬದಲಾಗಿದೆ

ನಮ್ಮ ಟ್ರಂಕಿನಲ್ಲಿ ಎಷ್ಟು ಕಾರ್ಡು! 2003ರಲ್ಲಿ ಸಹಕಾರ ಸಂಘದವರಿಗೆ ಯಶಸ್ವಿನಿ ಬಂತು. 2008ರಲ್ಲಿ ದೇಶದಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು. ಅದೇ ಸ್ಮಾರ್ಟ್ ಕಾರ್ಡು. ಮನೆಗೆ ವರ್ಷಕ್ಕೆ 30 ಸಾವಿರ ರೂಪಾಯಿ. ಆಮೇಲೆ ವಾಜಪೇಯಿ ಆರೋಗ್ಯಶ್ರೀ ಬಂತು.

2018ರಲ್ಲಿ ಇವನ್ನೆಲ್ಲ ಒಟ್ಟು ಸೇರಿಸಿ ಆರೋಗ್ಯ ಕರ್ನಾಟಕ ಮಾಡಿದರು. ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಯಶಸ್ವಿನಿಯನ್ನು ಮಾತ್ರ 2023ರ ಜನವರಿಯಿಂದ ಮತ್ತೆ ಶುರು ಮಾಡಿದರು. ಆದರೆ ಹಳೆಯ ಯಶಸ್ವಿನಿ ಕಾರ್ಡು ನಡೆಯೋದಿಲ್ಲ. ಹೊಸದಾಗಿ ಹಣ ಕಟ್ಟಿ ಸದಸ್ಯರಾಗಬೇಕು.

ಬಿಪಿಎಲ್ ಮನೆಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಮನೆಗೆ ಹಾಗಲ್ಲ. ಸರ್ಕಾರ ಗೊತ್ತು ಮಾಡಿದ ದರದಲ್ಲಿ ನೂರಕ್ಕೆ 30 ಭಾಗ ಮಾತ್ರ ಸಿಗುತ್ತೆ. ಉಳಿದದ್ದು ನಾವೇ ಕೊಡಬೇಕು. 2024ರಲ್ಲಿ ಬಿಪಿಎಲ್ ಕಾರ್ಡುಗಳ ಪರಿಶೀಲನೆ ನಡೆದು ಕೆಲವರ ಕಾರ್ಡು ಎಪಿಎಲ್ ಆಯಿತು. ನಮ್ಮದು ಯಾವುದು ಅಂತ ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ ನೋಡೋಣ.

ಇನ್ನೊಂದು ಗೊತ್ತಿರಲಿ. ಆಯುಷ್ಮಾನ್ ಕಾರ್ಡು ಎಲ್ಲ ಖಾಸಗಿ ಆಸ್ಪತ್ರೆಯಲ್ಲೂ ನಡೆಯೋದಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ ನಡೆಯುತ್ತೆ. ಅಲ್ಲಿಗೆ ಹೋಗಲು ಸರ್ಕಾರಿ ಆಸ್ಪತ್ರೆಯಿಂದ ಕಳಿಸಿಕೊಟ್ಟ ಪತ್ರ ಬೇಕು. ತುರ್ತು ಸಮಯದಲ್ಲಿ ಪತ್ರ ಬೇಡ. ಅಂಥ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರ್ತಾರೆ. ಮೊದಲು ಅವರನ್ನು ಕೇಳೋಣ.

ಮದುವೆಯಾದ ಮಗಳ ಹೆಸರು

ತಾಯಂದಿರೇ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಪಾತ್ರೆ ಎಣಿಸಿ ಕೊಡ್ತೀವಿ. ಅವಳ ಹೆಸರನ್ನೂ ಆ ಮನೆ ಸೇರಿಸಬೇಕು. ತವರಿನ ಕಾರ್ಡಿನಿಂದ ಹೆಸರು ತೆಗೆಸಿದರೆ ಅಷ್ಟಕ್ಕೇ ಬಿಡಬಾರದು. ಗಂಡನ ಮನೆಯ ಕಾರ್ಡಿಗೆ ಸೇರಿಸಿದರಾ ಅಂತ ವಿಚಾರಿಸಬೇಕು. ಅತ್ತೆಯಂದಿರೇ, ಸೊಸೆ ಬಂದ ಮೇಲೆ ಈ ಕೆಲಸ ನೀವು ಮುಂದೆ ನಿಂತು ಮಾಡಿಸಿ. ಆಧಾರ್ ಕಾರ್ಡಿನಲ್ಲೂ ರೇಷನ್ ಕಾರ್ಡಿನಲ್ಲೂ ಹೆಸರು ಒಂದೇ ಥರ ಇದೆಯಾ? ಅಕ್ಷರ ಅಕ್ಷರ ಕೂಡಿಸಿ ಓದಿ ನೋಡಿ.

ಬಸುರಿ ಅಂತ ಗೊತ್ತಾದ ಕೂಡಲೇ, ಮೂರು ತಿಂಗಳ ಒಳಗೆ, ನರ್ಸಮ್ಮನ ಹತ್ತಿರ ಹೆಸರು ಬರೆಸಿ ತಾಯಿ ಕಾರ್ಡು ಪಡೆಯಬೇಕು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ. ರಕ್ತ ಕಡಿಮೆ ಇದೆಯಾ, ಬಿಪಿ ಇದೆಯಾ ಅಂತ ಮೊದಲೇ ಗೊತ್ತಾದರೆ ಕೊನೆಯ ಗಳಿಗೆಯ ಗಾಬರಿಯೂ ಕಡಿಮೆ, ಖರ್ಚೂ ಕಡಿಮೆ. ತವರಿಗೆ ಹೋಗುವಾಗ ತಾಯಿ ಕಾರ್ಡು ಮರೆಯಬಾರದು. ಅಲ್ಲಿಯ ಆಶಾ ಕಾರ್ಯಕರ್ತೆಗೆ ಅದನ್ನು ತೋರಿಸಬೇಕು.

ಗಾರ್ಮೆಂಟ್ಸ್ ಅಕ್ಕತಂಗಿಯರಿಗೆ

ಮದ್ದೂರು, ರಾಮನಗರದ ಕಡೆಯಿಂದ ದಿನಾ ಗಾರ್ಮೆಂಟ್ಸ್‌ಗೆ ಹೋಗುವವರು ನಮ್ಮಲ್ಲಿ ಇದ್ದಾರೆ. ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರೆ. ಸಂಬಳದ ಚೀಟಿ ಓದಿ ನೋಡಿ. ಇಎಸ್‌ಐನಲ್ಲಿ ಚಿಕಿತ್ಸೆ ಮಾತ್ರ ಅಲ್ಲ, ಹೆರಿಗೆ ರಜೆಯ ಸಂಬಳವೂ ಉಂಟು. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ. ಆದರೆ ಹಿಂದಿನ ಎರಡು ಅವಧಿಯಲ್ಲಿ, ಅಂದರೆ ಆರಾರು ತಿಂಗಳ ಎರಡು ಲೆಕ್ಕದಲ್ಲಿ, 70 ದಿನಕ್ಕೆ ಹಣ ಕಟ್ಟಿರಬೇಕು.

ಬಸುರಿಯಾದೆ ಅಂತ ನಮ್ಮ ಹೆಣ್ಣುಮಕ್ಕಳು ಸುಮ್ಮನೆ ಕೆಲಸ ಬಿಟ್ಟುಬಿಡ್ತಾರೆ. ಬಿಡುವ ಮುಂಚೆ ಇಎಸ್‌ಐ ಕಚೇರಿಯಲ್ಲಿ ಕೇಳಿ. ಖಾಲಿ ಕಾಗದಕ್ಕೆ ರುಜು ಹಾಕಬೇಡಿ. ಓದದ ಕಾಗದಕ್ಕೂ ರುಜು ಹಾಕಬೇಡಿ.

ತಡವಾಗಿ ಬರುವ ಹಣ

ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5 ಸಾವಿರ ರೂಪಾಯಿ ಇದೆ. 2022ರಿಂದ ಎರಡನೆಯದು ಹೆಣ್ಣು ಮಗು ಆದರೆ 6 ಸಾವಿರ ಇದೆ. ಅಂಗನವಾಡಿಯಲ್ಲಿ ಕೇಳಬೇಕು. ಹಣ ತಾಯಿಯ ಬ್ಯಾಂಕ್ ಖಾತೆಗೇ ಬರುತ್ತೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಕೈಗೆ ಸಿಗೋದಿಲ್ಲ. ಆಮೇಲೆ ಬರುತ್ತೆ.

ಹಾಗಾದರೆ ಆ ರಾತ್ರಿಗೆ ಏನು ಮಾಡೋದು? ಬಸುರಿ ಅಂತ ಗೊತ್ತಾದ ವಾರದಿಂದ ವಾರಕ್ಕೆ 100 ರೂಪಾಯಿ ಬೇರೆ ಇಡೋಣ. 30 ವಾರಕ್ಕೆ 3 ಸಾವಿರ ಆಗುತ್ತೆ. ಜೊತೆಯಲ್ಲಿ ಬಂದವರ ಊಟಕ್ಕೆ, ಓಡಾಟಕ್ಕೆ ಅದು ಆದೀತು. ಹೆಚ್ಚು ಬೇಕಾದರೆ ನಮ್ಮ ಸಂಘದಲ್ಲಿ ಕೇಳೋಣ. ಹೆರಿಗೆ ಸಾಲವನ್ನು ಸಭೆಗೆ ಕಾಯದೆ ಕೊಡುವುದು ಅಂತ ಸಂಘದಲ್ಲಿ ಈಗಲೇ ಠರಾವು ಬರೆದಿಡೋಣ. ಹೊರಗಿನ 3 ರೂಪಾಯಿ ಬಡ್ಡಿ ತಪ್ಪುತ್ತೆ.

ಖಾಸಗಿ ಆಸ್ಪತ್ರೆಗೆ ಹೋಗಲೇಬೇಕಾಗಿ ಬಂದರೆ? ಜೀವ ಮೊದಲು. ಕಾರ್ಡಿಲ್ಲ, ಹಣವಿಲ್ಲ ಅಂತ ಹೊರಡುವುದು ತಡ ಮಾಡಬಾರದು. ಅಲ್ಲಿ ದರಪಟ್ಟಿ ಕಾಣುವ ಹಾಗೆ ಹಾಕಿರಬೇಕು ಅಂತ ನಮ್ಮ ರಾಜ್ಯದ 2007ರ ಕಾಯ್ದೆ ಹೇಳುತ್ತೆ. ಅದನ್ನು ಓದಿ. ಒಟ್ಟು ಎಷ್ಟಾಗಬಹುದು ಅಂತ ಬರೆಸಿಕೊಳ್ಳಿ. ಕಟ್ಟಿದ ಪ್ರತಿ ಪೈಸೆಗೂ ರಸೀದಿ ಪಡೆಯಿರಿ.

ಒಂದು ಚೀಲ

ಎಂಟನೇ ತಿಂಗಳಲ್ಲಿ ಒಂದು ಬಟ್ಟೆ ಚೀಲ ಗೂಟಕ್ಕೆ ನೇತು ಹಾಕಿ. ಅದರಲ್ಲಿ ತಾಯಿ ಕಾರ್ಡು, ಆಧಾರ್ ಕಾರ್ಡು, ರೇಷನ್ ಕಾರ್ಡಿನ ನಕಲು, ಆಯುಷ್ಮಾನ್ ಕಾರ್ಡು, ಬ್ಯಾಂಕ್ ಪುಸ್ತಕದ ನಕಲು ಇರಲಿ. ಕೂಡಿಟ್ಟ ಹಣವೂ ಇರಲಿ. ಒಂದು ಚೀಟಿಯಲ್ಲಿ 108, 104, ಆಶಾ ಕಾರ್ಯಕರ್ತೆಯ ಫೋನ್ ನಂಬರು ಬರೆದಿಡಿ. ದೊಡ್ಡ ಅಕ್ಷರದಲ್ಲಿ, ನೀವೇ ಬರೆಯಿರಿ. ಚೀಲ ಎಲ್ಲಿದೆ ಅಂತ ಮನೆಯವರಿಗೆಲ್ಲ ಹೇಳಿರಿ.

ಇಷ್ಟು ಮಾಡಿದರೆ ಖರ್ಚೇ ಬರೋದಿಲ್ಲ ಅಂತ ನಾವು ಹೇಳುವುದಿಲ್ಲ. ಬಂದ ಖರ್ಚು ಸಾಲವಾಗಿ ಮನೆಯಲ್ಲಿ ಕೂರದ ಹಾಗೆ ನೋಡಿಕೊಳ್ಳಬಹುದು. ಇವತ್ತು ಮನೆಗೆ ಹೋದ ಮೇಲೆ ಟ್ರಂಕು ತೆಗೆಯಿರಿ. ಕಾರ್ಡುಗಳನ್ನು ಚಾಪೆಯ ಮೇಲೆ ಹರಡಿ. ಸೊಸೆಯನ್ನೂ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಓದಿ.

ಮಾತಾಡೋಣ, ಬರೆಯೋಣ

1. ನಿಮ್ಮ ರೇಷನ್ ಕಾರ್ಡಿನಲ್ಲಿ ಯಾರ ಯಾರ ಹೆಸರಿದೆ? ಬರೆಯಿರಿ.
2. ಮನೆಯಲ್ಲಿ ಯಾರ ಹೆಸರು ಸೇರಿಸಬೇಕಾಗಿದೆ?
3. ಆಪರೇಷನ್ ಮಾಡುವ ಸರ್ಕಾರಿ ಆಸ್ಪತ್ರೆ ನಿಮ್ಮ ಊರಿಂದ ಎಷ್ಟು ದೂರ?
4. 20 ಸಾವಿರ ರೂಪಾಯಿಗೆ ನೂರಕ್ಕೆ 3 ರೂಪಾಯಿಯಂತೆ ತಿಂಗಳ ಬಡ್ಡಿ ಎಷ್ಟು?