ನೇರ ಹೋಗದ ಹರಿಗೋಲು

ಶಾಲೆಗೆ ರಜೆ ಬಿತ್ತೆಂದರೆ ನಮ್ಮ ಕಡೆ ಮಕ್ಕಳದು ಒಂದೇ ರಾಗ: ‘ಎಲ್ಲಿಗರ ಕರ್ಕೊಂಡು ಹೋಗ್ರಿ.’ ಅಪ್ಪನಾದವನು ಗೋಕರ್ಣ, ಕಾರವಾರ, ಮುರುಡೇಶ್ವರ ಎಂದು ಲೆಕ್ಕ ಹಾಕಿ, ಬಾಡಿಗೆ ಗಾಡಿಯ ದರ ಕೇಳಿ ಸುಮ್ಮನಾಗುತ್ತಾನೆ. ಕೊಪ್ಪಳ ಜಿಲ್ಲೆಗೆ ಕಡಲಿಲ್ಲ, ನಿಜ. ದಂಡೆ ಇಲ್ಲ ಅಂತೀರೇನು? ಮುನಿರಾಬಾದು, ಹುಲಿಗಿ, ಸಾಣಾಪುರ, ಆನೆಗೊಂದಿ, ಇವೆಲ್ಲ ತುಂಗಭದ್ರೆಯ ಎಡದಂಡೆಯ ಊರುಗಳು. ಆ ದಂಡೆಯಲ್ಲಿ ಮಕ್ಕಳ ಮೋಜಿಗೆ ಎಂದೂ ಹಳತಾಗದ ಒಂದು ವಸ್ತುವಿದೆ. ಅದೇ ಹರಿಗೋಲು. ಅದರ ಕಥೆ ಹೇಳಲಿಕ್ಕೆ ಆಕಾಶವಾಣಿಯವರು ಇವತ್ತು ನನಗೆ ಸಮಯ ಕೊಟ್ಟಿದ್ದಾರೆ. ಕೊಟ್ಟವರೇ ಆಮೇಲೆ ನಿಲ್ಲಿಸಲಿಕ್ಕೆ ಕಷ್ಟಪಡಬೇಕು, ಅಷ್ಟು ಪ್ರೀತಿ ನನಗೆ ಈ ವಿಷಯದ ಮೇಲೆ.

ಕೃಷ್ಣದೇವರಾಯನ ಕಾಲಕ್ಕೆ ಹೋಗೋಣ. 1520ರ ಆಸುಪಾಸು. ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸನೊಬ್ಬ ವಿಜಯನಗರಕ್ಕೆ ಬರುತ್ತಾನೆ. ಅವನ ದೇಶದವರು ಎಂಥವರು ನೋಡಿ: ಆಫ್ರಿಕಾವನ್ನು ಸುತ್ತಿ, ಹಾಯಿ ಬಿಚ್ಚಿ, ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ಗೋವೆಗೆ ಬಂದವರು. ಹಡಗಿನ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಅಂಥವನು ನಮ್ಮ ಹೊಳೆದಂಡೆಗೆ ಬಂದು ನಿಂತಾಗ ಕಂಡದ್ದು ಬಿದಿರಿನ ಬುಟ್ಟಿ! ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಒಮ್ಮೆಗೆ ಹದಿನೈದು ಇಪ್ಪತ್ತು ಜನ ಕೂರಬಹುದು ಎಂದೆಲ್ಲ ಬರೆದಿಟ್ಟಿದ್ದಾನೆ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಅದರಲ್ಲೇ ದಾಟಿಸುತ್ತಾರಂತೆ. ಹೆಚ್ಚಾಗಿ ಅವು ಈಜಿಕೊಂಡೇ ದಾಟುತ್ತವಂತೆ. ಕೊನೆಗೊಂದು ತಕರಾರು ತೆಗೆಯುತ್ತಾನೆ: ಇವು ಬೇರೆ ದೋಣಿಗಳ ಹಾಗೆ ನೇರ ಹೋಗುವುದಿಲ್ಲ, ಸದಾ ತಿರುಗುತ್ತಲೇ ಇರುತ್ತವೆ.

ನನಗೆ ಪಾಯಸ್ ಇಷ್ಟವಾಗುವುದು ಈ ತಕರಾರಿಗೇ. ಅರಮನೆ, ಮಹಾನವಮಿ, ಆನೆ, ರತ್ನ ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ನೋಡಿದವನಿಗೆ ಬುಟ್ಟಿಯ ತಿರುಗಾಟವೂ ನೆನಪಿನಲ್ಲಿ ಉಳಿದಿತ್ತು. ಅವನೂ ಅದರೊಳಗೆ ಕುಕ್ಕರಗಾಲಲ್ಲಿ ಕೂತು, ಅಂಚು ಹಿಡಿದು, ತಲೆ ತಿರುಗಿ ಕಣ್ಣು ಮುಚ್ಚಿರಬೇಕೆಂದೇ ನನ್ನ ನಂಬಿಕೆ. ಪಂಡಿತರು ಆಧಾರ ಕೇಳಿದರೆ ನನ್ನಲ್ಲಿಲ್ಲ. ಅವನ ಬರಹ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಬಿದ್ದುಕೊಂಡಿತ್ತು. 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಮದ್ರಾಸ್ ಸರಕಾರದ ಅಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ತನ್ನ ಪುಸ್ತಕದಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಆನೆಗೊಂದಿಯ ಅಂಬಿಗರು ಅಷ್ಟೂ ಕಾಲ, ತಮ್ಮ ಮೇಲೊಂದು ದೂರು ದಾಖಲಾಗಿದೆ ಎಂಬುದರ ಅರಿವಿಲ್ಲದೆ, ಹುಟ್ಟು ಹಾಕುತ್ತಲೇ ಇದ್ದರು.

ತಿರುಗುವುದಕ್ಕೆ ಕಾರಣ ಸರಳ. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ನೀರು ಸೀಳುವ ಮೂತಿಯಿಲ್ಲ, ದಿಕ್ಕು ಹಿಡಿಯುವ ಅಡಿಮರವಿಲ್ಲ. ಒಂದೇ ಮಗ್ಗುಲಿಗೆ ಹುಟ್ಟು ಎಳೆದರೆ ಗಿರ್‍ರನೆ ಸುತ್ತುತ್ತದೆ. ಅಂಬಿಗ ಎದುರಿನ ನೀರನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತನ್ನತ್ತ ಬಾಚಿಕೊಂಡರೆ ಮಾತ್ರ ಮುಂದೆ ಸಾಗುತ್ತದೆ. ಹಾಗಾದರೆ ಉದ್ದನೆಯ ದೋಣಿ ಯಾಕೆ ಮಾಡಲಿಲ್ಲ? ನಮ್ಮ ಹೊಳೆಯ ತುಂಬ ಬಂಡೆ ಸ್ವಾಮಿ! ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನ ಕೆಳಗೇ ಕಲ್ಲು. ಚಪ್ಪಟೆ ತಳದ ಬುಟ್ಟಿ ಅದರ ಮೇಲೆ ಜಾರಿ ಹೋಗುತ್ತದೆ. ಹೋಗದಿದ್ದರೆ ಮಗುಚಿ ತಲೆಯ ಮೇಲೆ ಹೊತ್ತು ನಡೆಯಬಹುದು.

1565ರಲ್ಲಿ ವಿಜಯನಗರ ಪಟ್ಟಣ ಹಾಳಾಯಿತು. ಆಮೇಲೆ ಬಂದ ಸುಲ್ತಾನರು, ನಿಜಾಮರು, ಕಂದಾಯದ ಜಗಳಗಳನ್ನೆಲ್ಲ ಬಿಡ್ರಿ, ಅದರಲ್ಲಿ ಮಕ್ಕಳಿಗೇನೂ ಇಲ್ಲ. ಹರಿಗೋಲು ಮಾತ್ರ ಸಂತೆಗೆ ಹೋಗುವವರನ್ನು, ನವಬೃಂದಾವನದ ನಡುಗಡ್ಡೆಗೆ ಹೋಗುವ ಭಕ್ತರನ್ನು ದಾಟಿಸುತ್ತ ಉಳಿಯಿತು. ಮಕ್ಕಳಿಗೆ ಹೊಳೆ ಸಿಗುತ್ತಿದ್ದದ್ದು ಸಂಕ್ರಾಂತಿಗೆ. ಗಾಡಿ ಕಟ್ಟಿಕೊಂಡು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮಾದಲಿಯ ಬುತ್ತಿ ಹೊತ್ತು ಮನೆಮಂದಿಯೆಲ್ಲ ಹೊಳೆಗೆ ಬಂದು ಮಿಂದು ಉಣ್ಣುವುದು. ಯಲಬುರ್ಗಾ, ಕುಷ್ಟಗಿಯ ಎರೆಹೊಲದ ಮಕ್ಕಳಿಗೆ ಹೊಳೆ ದೂರ. ಅವರಿಗೆ ಎಳ್ಳಮಾಸಿಯ ಚರಗ ಇತ್ತು, ಪಂಚಮಿಯ ಜೋಕಾಲಿ ಇತ್ತು, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ಗುಡಿಯ ಅಂಗಳವೂ ಇತ್ತು.

1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ದಂಡೆಯಲ್ಲೂ ಅಡಿಗಲ್ಲು ಬಿತ್ತು. ನಮ್ಮ ಕಡೆ ಹೈದರಾಬಾದಿನ ಬೇರಾರ್ ರಾಜಕುಮಾರ, ಆಚೆ ಹೊಸಪೇಟೆಯ ಕಡೆ ಮದ್ರಾಸಿನ ಗವರ್ನರ್. 1953ರಲ್ಲಿ ನೀರು ನಿಂತಿತು. ಅಲ್ಲಿಂದ ಮುಂದೆ ರಜೆ ಅಂದರೆ ‘ಡ್ಯಾಂ ನೋಡಾಕ ಹೋಗೂದು’. ಗೇಟು ನೋಡು, ಪಂಪಾವನ ನೋಡು, ಮಂಡಕ್ಕಿ ತಿನ್ನು, ವಾಪಸ್ ಬಾ. ಇದರ ಬಗ್ಗೆ ನನಗೊಂದು ಸಣ್ಣ ಸಿಟ್ಟಿದೆ. ನೀರಿನಲ್ಲಿ ಕಾಲಿಟ್ಟು ಆಡುತ್ತಿದ್ದ ಮಕ್ಕಳು ಕಟಕಟೆಯ ಹಿಂದೆ ನಿಂತು ನೀರು ನೋಡುವವರಾದರು.

ಆ ಸಿಟ್ಟನ್ನು ಅರ್ಧ ಇಳಿಸಿದ್ದೂ ಅದೇ ಡ್ಯಾಂ. ಅದರ ಎಡದಂಡೆ ಕಾಲುವೆಯ ನೀರು ಸಾಣಾಪುರದ ಗುಡ್ಡಗಳ ನಡುವೆ ನಿಂತು ಕೆರೆಯಾಗಿದೆ. ಹಂಪಿಗೆ ಬಂದ ವಿದೇಶಿಯರು ಹೊಳೆ ದಾಟಿ ವಿರುಪಾಪುರಗಡ್ಡೆಯಲ್ಲಿ ಬೀಡುಬಿಡತೊಡಗಿದ ಮೇಲೆ ಹರಿಗೋಲಿಗೆ ಹೊಸ ಗಿರಾಕಿ ಸಿಕ್ಕರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಿಗೆ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು, ಸವಾರಿ ನಿಲ್ಲಲಿಲ್ಲ. ಈಗ ಗಂಗಾವತಿ, ಕೊಪ್ಪಳದ ಮನೆಮಂದಿಯೇ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಅಂಬಿಗರು ನಡುನೀರಿಗೆ ಒಯ್ದು, ಬೇಕಂತಲೇ ಒಂದೇ ಮಗ್ಗುಲಿಗೆ ಹುಟ್ಟು ಎಳೆದು, ಬುಗುರಿಯಂತೆ ಸುತ್ತಿಸುತ್ತಾರೆ. ಗುಡ್ಡ, ಆಕಾಶ, ಅವ್ವನ ಮುಖ ಎಲ್ಲ ಕಲಸಿಹೋಗಿ ಮಕ್ಕಳು ಕಿರುಚುವುದು ದಂಡೆಗೂ ಕೇಳುತ್ತದೆ. ಪಾಯಸ್ ಕುಂದೆಂದು ಬರೆದದ್ದಕ್ಕೆ ಈಗ ನಾವು ದುಡ್ಡು ಕೊಡುತ್ತೇವೆ!

ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು. ಅದನ್ನು ಸಹಿಸಿಕೊಂಡೆ. ಫೈಬರ್ ಹರಿಗೋಲು ಮಾತ್ರ ನನಗೆ ಸೇರದು; ಬಿದಿರಿನದು ಕೂತವರ ಭಾರಕ್ಕೆ ಬಳುಕುತ್ತದೆ, ಇದು ಬಳುಕುವುದಿಲ್ಲ.

ಹೋಗುವುದಾದರೆ ಬೆಳಗ್ಗೆಯೇ ಹೋಗಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಟ್ಟಿದ್ದಾರೆ. ಅದೃಷ್ಟವಿದ್ದರೆ ಬಂಡೆಯ ಮೇಲೆ ಅವುಗಳ ಸಂಸಾರ ಕಾಣುತ್ತದೆ. ಮೊಸಳೆಗಳೂ ಇವೆ; ಈಜುವ ಹುಮ್ಮಸ್ಸು ಬೇಡ. ಡ್ಯಾಮಿನಿಂದ ನೀರು ಬಿಟ್ಟ ದಿನ ಹೊಳೆಯ ಹತ್ತಿರವೂ ಸುಳಿಯಬೇಡಿ. ಲೈಫ್ ಜಾಕೆಟ್ ಇಲ್ಲದ ಹರಿಗೋಲಿಗೆ ಕಾಲಿಡಬೇಡಿ, ಅಂಬಿಗರು ಎಷ್ಟೇ ನಕ್ಕರೂ. 2025ರಲ್ಲಿ ಕುಷ್ಟಗಿಗೂ ರೈಲು ಬಂದಿದೆ, ಆದರೆ ಅದು ಹುಬ್ಬಳ್ಳಿಯ ಕಡೆಗೆ ಓಡುತ್ತದೆ. ಹೊಳೆಗೆ ಬರುವ ಮಕ್ಕಳು ತಳಕಲ್ಲಿನಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ಮತ್ತೆ, ತಾಯಂದಿರೇ, ಬುತ್ತಿಯನ್ನು ಹರಿಗೋಲಿನಿಂದ ಇಳಿದ ಮೇಲೆ ಬಿಚ್ಚಿರಿ, ಹತ್ತುವ ಮೊದಲು ಖಂಡಿತ ಬೇಡ.