ಆನ್‌ಲೈನ್ ಕರಾರು ಮತ್ತು ಗ್ರಾಹಕರ ಹಕ್ಕು
(ಬಿಕ್ಕೋಡಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಭಾಗದ ಸಣ್ಣ ಕಾಫಿ ಬೆಳೆಗಾರರೊಬ್ಬರು ಮೊಬೈಲಿನ ಮೂಲಕ ಕಳೆ ಕತ್ತರಿಸುವ ಯಂತ್ರವೊಂದನ್ನು ತರಿಸಿಕೊಂಡರು. ಎರಡೇ ದಿನಕ್ಕೆ ಅದು ನಿಂತುಹೋಯಿತು. ಮಾರಾಟಗಾರರನ್ನು ವಿಚಾರಿಸಿದಾಗ, "ನೀವು ಷರತ್ತುಗಳಿಗೆ ಒಪ್ಪಿದ್ದೀರಿ, ತಕರಾರಿದ್ದರೆ ದೆಹಲಿಯಲ್ಲಿ ದಾವೆ ಹೂಡಿ" ಎಂಬ ಉತ್ತರ ಬಂದಿತು. ಅವರು ನಮ್ಮ ಕಚೇರಿಗೆ ಬಂದು, "ಒತ್ತಿದವನು ನಾನೇ ಅಲ್ಲವೇ ಸ್ವಾಮಿ?" ಎಂದರು. ಇಂಜಿನಿಯರಿಂಗ್ ಓದಿದ ನಾನೂ ಅಂತಹ ಷರತ್ತುಗಳನ್ನು ಓದದೆಯೇ ಎಷ್ಟೋ ಬಾರಿ ಒತ್ತಿದ್ದೇನೆ.

ಹಾಗೆ ಒತ್ತಿದ್ದು ಕರಾರೇ ಹೌದು. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಕಾರಣಕ್ಕಷ್ಟೇ ಕರಾರು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 10ಎ ಹೇಳುತ್ತದೆ. ಆದರೆ ಸಂತೆಯಲ್ಲಿ ಚೌಕಾಸಿಗೆ ಎಡೆಯಿದೆ. ಪರದೆಯ ಮೇಲೆ ಒಪ್ಪುವುದು ಇಲ್ಲವೇ ಬಿಡುವುದು, ಇವೆರಡೇ ದಾರಿ. ಇಂತಹ ಅಸಮಾನ ವ್ಯವಹಾರದಲ್ಲಿ ನಮಗಿರುವ ಆಸರೆ 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019.

ಮೊದಲನೆಯದಾಗಿ, ಈ ಕಾಯ್ದೆಯ ಕಲಂ 34ರಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ನೀಡಬಹುದು. ಬಿಕ್ಕೋಡಿನವರಿಗೆ ಅದು ಹಾಸನ. ವಿವಾದವನ್ನು ಮಧ್ಯಸ್ಥಿಕೆದಾರರ ಮುಂದೆಯೇ ಬಗೆಹರಿಸಿಕೊಳ್ಳಬೇಕೆಂಬ ಷರತ್ತಿದ್ದರೂ ಗ್ರಾಹಕರ ದೂರಿಗೆ ಅದು ಅಡ್ಡಿಯಾಗದೆಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಎರಡನೆಯದಾಗಿ, ಜೀವನೋಪಾಯಕ್ಕಾಗಿ ಸ್ವಂತ ದುಡಿಮೆಗೆ ಕೊಂಡ ಯಂತ್ರವು "ವಾಣಿಜ್ಯ ಉದ್ದೇಶ"ದ್ದಾಗುವುದಿಲ್ಲ. ಆದ್ದರಿಂದ ಸಣ್ಣ ಬೆಳೆಗಾರರೂ ಗ್ರಾಹಕರೇ.

ಮೂರನೆಯದಾಗಿ, 2020ರ ಇ-ವಾಣಿಜ್ಯ ನಿಯಮಗಳಂತೆ, ಮೊದಲೇ ಗುರುತು ಹಾಕಿಟ್ಟ ಚೌಕವು ನಮ್ಮ ಒಪ್ಪಿಗೆಯಾಗದು. ಮಾರಾಟ ತಾಣದ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕೃತಗೊಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ. ಕಾಲಮಿತಿ 2 ವರ್ಷ. ದೋಷಯುಕ್ತ ಸರಕಿನ ದೂರಿಗೆ ಹಾಸನವೇ ಸಾಕು. ಕರಾರಿನ ಷರತ್ತೇ ಅನ್ಯಾಯದ್ದೆಂದು ಪ್ರಶ್ನಿಸುವುದಾದರೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ.

ಇಷ್ಟೆಲ್ಲ ಹಕ್ಕಿದ್ದರೂ ಎಡವುವುದು ಪುರಾವೆಯಲ್ಲಿ. ಆ ಬೆಳೆಗಾರರೊಡನೆ ದೂರು ಬರೆಯಲು ಕುಳಿತಾಗ, ಯಂತ್ರದ ವಿವರವಿದ್ದ ಪುಟವೇ ಬದಲಾಗಿತ್ತು. ಉಳಿದದ್ದು ಬಿಲ್ಲು ಮತ್ತು ಹಣ ಪಾವತಿಯ ಸಂದೇಶ ಮಾತ್ರ. ಅವುಗಳನ್ನೇ ಆಧಾರವಾಗಿಟ್ಟು ದೂರು ಬರೆದೆವು. ಕೊಳ್ಳುವ ದಿನವೇ ಪುಟದ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದರೆ ಅವರ ಕೈ ಇನ್ನಷ್ಟು ಬಲವಾಗಿರುತ್ತಿತ್ತು.

ಆದಕಾರಣ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ತಿಳಿಸಿರಿ. ಪುಟದ ಚಿತ್ರ, ಬಿಲ್ಲು, ಪಾವತಿ ಸಂದೇಶ, ಪೊಟ್ಟಣ ಬಿಚ್ಚುವಾಗಿನ ವೀಡಿಯೋ, ಈ ನಾಲ್ಕನ್ನು ಕಾದಿರಿಸಲು ಹೇಳಿರಿ. ದೂರು ಸಲ್ಲಿಸಲು ಬಾರದವರಿಗೆ ನಮ್ಮ ಗ್ರಂಥಾಲಯದ ಅರಿವು ಕೇಂದ್ರದಲ್ಲಿ ನೆರವು ದೊರೆಯುವಂತೆ ನಿರ್ಣಯ ಕೈಗೊಳ್ಳಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿರಿ. ಹಣವನ್ನೇ ಲಪಟಾಯಿಸಿದ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಜೊತೆಗೆ ಬರೆಸಿರಿ.

ತಾನೇ ಒತ್ತಿದೆನೆಂದು ತಲೆ ತಗ್ಗಿಸಿ ಮರಳುವವರಿಗೆ, ದೆಹಲಿಗೆ ಹೋಗಬೇಕಿಲ್ಲ, ಹಾಸನದಲ್ಲೇ ಬಾಗಿಲಿದೆ ಎಂದು ಹೇಳುವ ಹೊಣೆ ನಮ್ಮದು.